ಪಡಸಾಲೆಯಲ್ಲಿ ಸಭೆ

ಎರಡೇ ರವಿವಾರ ಎಂದಿದ್ದರು. ಹಾಗೆಂದು ಇಪ್ಪತ್ತು ತಿಂಗಳಾಗಿತ್ತು.

ಖಾನಾಪುರದ ಆ ಸಣ್ಣ ಚರ್ಚಿನಲ್ಲಿ ಹೋದ ವರ್ಷದ ಹಿಂದಿನ ವರ್ಷ ಜೂನಿನಲ್ಲಿ, ಪ್ರಸಂಗ ನಡೆಯುತ್ತಿರುವಾಗಲೇ, ಮಾಡಿನ ಒಂದು ರೀಪು ಮುರಿದು ನಾಲ್ಕು ಹಂಚು ಕೆಳಗೆ ಬಿದ್ದವು. ಪುಣ್ಯಕ್ಕೆ ಯಾರ ತಲೆಯ ಮೇಲೂ ಬೀಳಲಿಲ್ಲ. ಸಭೆಯ ಸೆಕ್ರೆಟರಿ ತಿಮೊಥಿ ಮಾಸ್ತರರು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲಿಗೆ ಕೀಲಿ ಹಾಕಿ, "ದುರಸ್ತಿ ಆಗೂತನಾ ಎರಡು ರವಿವಾರ ನಮ್ಮ ಮನ್ಯಾಗ ಕೂಡೂಣು" ಎಂದರು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಯಾಕೆ ಕೇಳಬೇಕು? ಮನೆ ಅವರದು, ಪಡಸಾಲೆ ಅವರದು, ಅದನ್ನು ಗುಡಿಸಲು ಸೊಸೆಯೊಬ್ಬಳು ಇದ್ದೇ ಇದ್ದಳು.

ಆ ಸೊಸೆ ಮಾಲಾ. ಶನಿವಾರ ಸಂಜೆಯಾಯಿತೆಂದರೆ ಮಂಚ ಎತ್ತಿ ಗೋಡೆಗೆ ನಿಲ್ಲಿಸಬೇಕು, ಟೀವಿಯನ್ನು ಒಳಕೋಣೆಗೆ ಸಾಗಿಸಬೇಕು, ಹೊಲಿಗೆ ಯಂತ್ರವನ್ನು ಹಿತ್ತಿಲಿಗೆ ದೂಡಿ ಅದರ ಮೇಲೆ ತಾಡಪತ್ರಿ ಹೊದಿಸಬೇಕು. ರವಿವಾರ ನಲವತ್ತು ಮಂದಿ ಬರುತ್ತಿದ್ದರು. ನಲವತ್ತು ಮಂದಿಗೂ ಚಹಾ. ಆರಾಧನೆ ಹತ್ತೂವರೆಗೆ ಮುಗಿದರೂ ಮಂದಿ ಹನ್ನೆರಡಾದರೂ ಏಳುತ್ತಿರಲಿಲ್ಲ. ಒಬ್ಬರಿಗೆ ಮೊಣಕಾಲು ನೋವಿನ ಸುದ್ದಿ ಹೇಳುವುದಿರುತ್ತಿತ್ತು, ಒಬ್ಬರಿಗೆ ಮಗಳ ಸಂಬಂಧದ ಮಾತು. ಮುದುಕಿ ಕಾಶವ್ವ ಅಲ್ಲೇ ಗೋಡೆಗೊರಗಿ ಒಂದು ನಿದ್ದೆ ತೆಗೆದು ಎದ್ದು, "ಮಾಲಾ, ಇನ್ನೊಂದು ಗುಟುಕು ಚಾ ಐತೇನ ಯವ್ವಾ?" ಎಂದು ಕೇಳುತ್ತಿದ್ದಳು. ಬಂದವರ ಮೇಲೆ ಸಿಟ್ಟು ಮಾಡುವುದು ಹೇಗೆ? ಎಲ್ಲರೂ ಒಳ್ಳೆಯವರೇ. ಅದೇ ಕಷ್ಟ.

ಚರ್ಚಿನ ಕಟ್ಟಡ ಬೆಳಗಾವಿಯಲ್ಲಿದ್ದ ಚರ್ಚು ಸಂಸ್ಥೆಯ ದೊಡ್ಡ ಕಚೇರಿಯ ಹೆಸರಿನಲ್ಲಿತ್ತು. ಅವರ ಲಿಖಿತ ಪರವಾನಗಿ ಇಲ್ಲದೆ ಒಂದು ಮೊಳೆ ಹೊಡೆಯುವಂತಿರಲಿಲ್ಲ. ಪರವಾನಗಿ ಸಿಕ್ಕರೆ ದುರಸ್ತಿ ನಿಧಿಯಿಂದ ಎರಡು ಲಕ್ಷವೂ ಸಿಗುತ್ತಿತ್ತು. ಅದಕ್ಕಾಗಿ ಮಾಸ್ತರರು ಪ್ರತಿ ಮಂಗಳವಾರ ಕಡತ ಹಿಡಿದು, ರೊಟ್ಟಿ ಕಟ್ಟಿಸಿಕೊಂಡು ಬೆಳಗಿನ ರೈಲಿಗೆ ಹೋಗುತ್ತಿದ್ದರು. ಎಪ್ಪತ್ತಮೂರು ವಯಸ್ಸು. ದೇಸೂರ ದಾಟುವತನಕ ನಿಂತೇ ಹೋದರೂ ಬೇಸರಿಸುತ್ತಿರಲಿಲ್ಲ. ಸಂಜೆ ಬರುವಾಗ ಕಡತದಲ್ಲಿ ಒಂದು ಕಾಗದ ಕಡಿಮೆ ಎಂಬ ಸುದ್ದಿ ತರುತ್ತಿದ್ದರು.

ಫೆಬ್ರುವರಿಯ ಒಂದು ಮಂಗಳವಾರ ಊಟಕ್ಕೆ ಕುಳಿತಾಗ ಹೆಂಡತಿ ಸತ್ಯವ್ವ ಕೇಳಿದಳು, "ಏನಂದ್ರರೀ ಇವತ್ತ?"

"ಎಸ್ಟಿಮೇಟ್ ಹಳೇದಾತಂತ. ಈ ವರ್ಷದ ದರದ ಪ್ರಕಾರ ಹೊಸಾದು ತರ್ರಿ ಅಂದ್ರು."

"ಅಪ್ಪಾ, ಅದು ಹಳೇದಾಗಿದ್ದು ಅವರ ಟೇಬಲ್ ಮ್ಯಾಲನ ಅಲ್ಲೇನ್ರಿ?" ಎಂದ ಮಗ ವಿನೀತ. ಅವನು ಬೆಳಗಾವಿಯ ಒಂದು ಔಷಧ ಗೋದಾಮಿನಲ್ಲಿ ಗುಮಾಸ್ತ. ದಿನಾ ಅದೇ ರೈಲು.

"ನಿಯಮ ಅಂದ್ರ ನಿಯಮ. ಅವರೇನ ನಮ್ಮ ವೈರಿಗಳಲ್ಲ."

"ವೈರಿಗಳಾಗಿದ್ರ ಇಷ್ಟೊತ್ತಿಗೆ ಇಲ್ಲ ಅಂತರೇ ಹೇಳ್ತಿದ್ರು."

"ಸಾರು ಬಡಸ," ಎಂದರು ಮಾಸ್ತರರು. ಮಾತು ಮುಗಿಯಿತೆಂದು ಅರ್ಥ.

ಆದರೆ ಆ ದಿನ ಮಾಲಾಳ ಮಾತು ಬಾಕಿ ಇತ್ತು. ದೇಸೂರ ಕಡೆಗೆ ಹೊಸದಾಗಿ ತೆರೆದ ಶಾಲೆಯೊಂದು ಇನ್ನೂರು ಅಂಗಿಗಳ ಕೆಲಸ ಕೊಡಲು ತಯಾರಿತ್ತು. ಏಪ್ರಿಲ್ ಮುಗಿಯುವುದರೊಳಗೆ ಕೊಡಬೇಕು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಪ್ರತಿ ವರ್ಷದ ಕೆಲಸವೂ ಅವಳದೇ. ಮಗಳು ಸಾನಿಕಾ ಹತ್ತನೆಯ ಪರೀಕ್ಷೆ ಬರೆಯುವವಳಿದ್ದಳು. ಜೂನಿನಲ್ಲಿ ಬೆಳಗಾವಿಯ ಕಾಲೇಜಿಗೆ ಸೇರಿಸಬೇಕು, ವಿಜ್ಞಾನವೇ ಬೇಕೆಂದು ಕುಳಿತಿದ್ದಳು. ವಿನೀತನ ಪಗಾರದಲ್ಲಿ ಅದು ಆಗುವ ಮಾತಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

"ಮಾವಾರ, ನನಗ ಪಡಸಾಲಿ ಬೇಕ್ರಿ," ಎಂದಳು ಮಾಲಾ. "ಎರಡು ಮಿಶಿನ್, ಒಂದು ಕತ್ತರಸೂ ಟೇಬಲ್. ಬಾಜು ಮನಿ ಗೌರವ್ವ ಬರ್ತೇನಿ ಅಂದಾಳ. ವಾರಾ ವಾರಾ ಎಲ್ಲಾ ಎತ್ತಿಡಾಕ ಆಗೂದಿಲ್ಲ. ಮಾರ್ಚ್ ಹದಿನೈದರೊಳಗ ಸಾಲಿಯವರಿಗೆ ಹೇಳಬೇಕು."

"ಮಾರ್ಚ್‌ದೊಳಗ ಪರವಾನಗಿ ಬರತೈತಿ."

"ಬರಲಿಲ್ಲಂದ್ರ?"

"ಬರತೈತಿ ಅಂದ್ನಿಲ್ಲೋ? ಮತ್ತ ಕೇಳಿಲ್ಲಿ. ರವಿವಾರ ಈ ಮನ್ಯಾಗ ಸೂಜಿ ಮುಟ್ಟೂದಿಲ್ಲ. ಆರು ದಿನದ ಲೆಕ್ಕದಾಗ ಕೆಲಸಾ ಹಿಡಿ."

ಅದು ಅವರಪ್ಪನ ಕಾಲದಿಂದ ಬಂದ ಕಟ್ಟು. ರವಿವಾರ ಈ ಮನೆಯಲ್ಲಿ ಕಿತ್ತುಹೋದ ಗುಂಡಿಯನ್ನೂ ಹಚ್ಚುತ್ತಿರಲಿಲ್ಲ, ಪಿನ್ನು ಚುಚ್ಚಿಕೊಂಡು ತಿರುಗುತ್ತಿದ್ದರು. ಮಾಲಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳ ಸಪ್ಪಳ ಬೇಕಾದದ್ದಕ್ಕಿಂತ ಜೋರಾಗಿಯೇ ಬಂತು.

ಮರುವಾರ ಮಾಸ್ತರರು ಹೊಸ ಎಸ್ಟಿಮೇಟ್ ಒಯ್ದರು. ಕಚೇರಿಯಲ್ಲಿ ಕಾಗದ ನೋಡುವವಳು ಮುಕ್ತಾ ಎಂಬ ಹೆಣ್ಣುಮಗಳು. ಕೆಟ್ಟವಳಲ್ಲ, ಇವರಿಗೆ ಕುರ್ಚಿ ಕೊಟ್ಟು ನೀರು ಕೊಡುವವಳು ಅವಳೊಬ್ಬಳೇ. ಕಡತ ತಿರುವಿ ಅವಳೇ ಮುಖ ಸಣ್ಣದು ಮಾಡಿದಳು.

"ಸರ, ನಿಮ್ಮ ಸಭಿ ಕಮಿಟಿ ಠರಾವಿನ ಮ್ಯಾಲ ಏಳು ಮಂದಿ ಸಹಿ ಬೇಕ್ರಿ. ಆರ ಅದಾವು."

"ಏಳನೇದವರು ತೀರಿಕೊಂಡ್ರವಾ. ಹೋದ ದೀಪಾವಳಿ ಮುಂದ."

"ಹಂಗಾರ ಅವರ ಜಾಗಾಕ್ಕ ಹೊಸಾಬ್ರನ್ನ ಆರಿಸಿದ ಠರಾವು ಒಂದು ಬೇಕಾಗತೈತ್ರಿ."

"ಅದಕ್ಕ ಎಷ್ಟು ಸಹಿ ಬೇಕು?"

ಮುಕ್ತಾ ಕಡತ ಮುಚ್ಚಿ ಹೇಳಿದಳು, "ಏಳರಿ."

ಸಾಹೇಬರನ್ನೇ ಕೇಳೋಣವೆಂದರೆ ಸಾಹೇಬರು ಮೀಟಿಂಗಿನಲ್ಲಿದ್ದರು. ಮಾಸ್ತರರು ಮೂರು ತಾಸು ಬೆಂಚಿನ ಮೇಲೆ ಕುಳಿತರು. ಸಾಹೇಬರು ಹಿಂದಿನ ಬಾಗಿಲಿಂದ ಊಟಕ್ಕೆ ಹೋದರೆಂದು ತಿಳಿದ ಮೇಲೆ ಕೋಟೆ ಕೆರೆಯ ದಂಡೆಗೆ ಹೋಗಿ ರೊಟ್ಟಿಯ ಗಂಟು ಬಿಚ್ಚಿದರು. ಶೇಂಗಾ ಹಿಂಡಿ ಮುಟ್ಟದೆ ಗಂಟನ್ನು ಮತ್ತೆ ಕಟ್ಟಿದರು. ಇಪ್ಪತ್ತೆರಡು ವರ್ಷ ಸೆಕ್ರೆಟರಿಯಾಗಿ ಒಂದು ಕಾಗದ ತಪ್ಪು ಬರೆದವರಲ್ಲ, ಒಂದು ವರದಿ ತಡ ಮಾಡಿದವರಲ್ಲ. ಅಂಥವರಿಗೇ ಹೀಗೆ ಮಾಡಿದರೆ ಏನು ಹೇಳಬೇಕು? ಮನೆಯಲ್ಲಿ ಮಾತ್ರ, "ಮುಂದಿನ ವಾರ ಪಕ್ಕಾ" ಎಂದರು.

"ಅಜ್ಜಾ, ಯಾವ ಮುಂದಿನ ವಾರಾರಿ?" ಎಂದಳು ಸಾನಿಕಾ, ಪುಸ್ತಕದಿಂದ ತಲೆ ಎತ್ತದೆ.

"ಓದೂದು ನೋಡ್ಕೋ."

ಮಾರ್ಚ್ ಎರಡನೆಯ ವಾರ ಹುಬ್ಬಳ್ಳಿಯಲ್ಲಿ ಮಾಸ್ತರರ ಅಕ್ಕನಿಗೆ ಆಪರೇಶನ್ ಆಯಿತು. ನೋಡಿಕೊಳ್ಳಲು ಅವರು ಎಂಟು ದಿನ ಅಲ್ಲಿಗೆ ಹೋದರು. ಅವರ ರೈಲು ಹೊರಟಿತೋ ಇಲ್ಲವೋ, ಸತ್ಯವ್ವ ಅಡುಗೆಮನೆಯ ಮಾಡದಿಂದ ಹಿಡಿ ಅಕ್ಕಿಯ ಡಬ್ಬಿ ಕೆಳಗಿಳಿಸಿದಳು.

ಹಿಡಿ ಅಕ್ಕಿ ಆ ಸಭೆಯ ಹೆಣ್ಣುಮಕ್ಕಳ ಹಳೆಯ ಪದ್ಧತಿ. ಅನ್ನಕ್ಕೆ ಎಸರಿಡುವಾಗೆಲ್ಲ ತೊಳೆಯುವ ಮುಂಚೆ ಒಂದು ಹಿಡಿ ದೇವರ ಪಾಲೆಂದು ತೆಗೆದು ಡಬ್ಬಿಗೆ ಹಾಕುವುದು. ತಿಂಗಳ ಕೊನೆಗೆ ಹದಿನೆಂಟು ಮನೆಯ ಡಬ್ಬಿಗಳನ್ನು ಕೂಡಿಸಿ ಅಂಗಡಿಗೆ ಮಾರುವುದು. ಬಂದ ಹಣ ಸ್ತ್ರೀ ಸಂಘದ್ದು. ಸತ್ಯವ್ವ ಹನ್ನೊಂದು ವರ್ಷದಿಂದ ಅದರ ಅಧ್ಯಕ್ಷೆ. ಅದಕ್ಕೆ ಗಂಡಸರು ಕೈ ಹಾಕುವಂತಿರಲಿಲ್ಲ, ಠರಾವೂ ಇರಲಿಲ್ಲ, ಏಳು ಸಹಿಯೂ ಇರಲಿಲ್ಲ.

"ಅವ್ವಾ, ಈ ರೊಕ್ಕದಿಂದ ಚರ್ಚಿನ ಮಾಡು ದುರಸ್ತಿ ಮಾಡಸ್ತೇವಿ ಅಂತ ಅಪ್ಪಗ ಒಂದು ಫೋನ್ ಮಾಡಿ ಕೇಳೂಣ್ರಿ," ಎಂದ ವಿನೀತ.

"ಕೇಳಿದ್ರ ಬ್ಯಾಡಂತಾರ. ಅದಕ್ಕ ಕೇಳೂದಿಲ್ಲ."

"ನಾಳೆ ಬೈಗಳಾ ನನಗ ಬೀಳತಾವು."

"ಬೀಳಲಿ. ಹಂಚಿಗಿಂತ ಹಗುರ ಇರತಾವು."

ನಂದಗಡದಿಂದ ಹಂಚಿನ ಕೆಲಸದ ಮುನಾಫ ಬಂದ. ಏಣಿ ಹಾಕಿ ಮೇಲೆ ಹತ್ತಿ, ಒಂದು ತಾಸು ಅಲ್ಲಿ ಇಲ್ಲಿ ತಟ್ಟಿ ನೋಡಿ ಇಳಿದ.

"ಹನ್ನೊಂದು ರೀಪು ಬದಲ ಮಾಡಬೇಕ್ರಿ ಅಜ್ಜಿ. ಮುನ್ನೂರು ಹಂಚು ಹೊಸಾವು ಬೇಕು. ಪಡುವಣ ಬಾಜೂದು ಎರಡು ತೊಲಿ ಮೆತ್ತಗಾಗ್ಯಾವು. ಎರಡು ಮಳಿಗಾಲ ತಡೀತಾವು, ಆಮ್ಯಾಲ ದೊಡ್ಡ ಕೆಲಸ ಮಾಡಸಾಕ ಬೇಕು."

"ಈಗಿಂದು ಎಷ್ಟು ದಿನದ ಕೆಲಸಾನೋ?"

"ನಾಲ್ಕು."

"ನಾಲ್ಕು ತಿಂಗಳಾ?"

"ದಿನಾರಿ."

ಸತ್ಯವ್ವ ಚರ್ಚಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ನಾಲ್ಕ ದಿನದ ಕೆಲಸಕ್ಕ ಈ ಮನಷ್ಯಾ ಎಂಬತ್ತು ಸಲ ಬೆಳಗಾವಿಗೆ ಹೋಗಿ ಬಂದಾನಲ್ಲೋ, ದೇವಾ!" ಎಂದು ತಲೆಯ ಮೇಲೆ ಸೆರಗೆಳೆದುಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮುನಾಫನಿಗೆ ತಿಳಿಯಲಿಲ್ಲ. ಅವನು ಟೇಪು ತೆಗೆದು ಅಳತೆ ಹಿಡಿಯತೊಡಗಿದ.

ಹೇಳಿದ ಹಾಗೆ ನಾಲ್ಕು ದಿನದಲ್ಲಿ ಮುಗಿಸಿ ಐದನೆಯ ದಿನಕ್ಕೆ ಅವನು ಏಣಿ ಇಳಿಸಿದ. ಹೆಂಗಸರು ಬೆಂಚುಗಳನ್ನು ಹೊರಗೆ ತಂದು ಸೋಪುಪುಡಿ ಹಾಕಿ ಉಜ್ಜಿದರು. ಪಾರಿವಾಳದ ಹಿಕ್ಕೆ ಎರಡು ಬುಟ್ಟಿ ಹೊರಟಿತು. ಅದೇ ಸಂಜೆ ಮಾಲಾ ಶಾಲೆಗೆ ಫೋನು ಮಾಡಿ ಕೆಲಸ ಒಪ್ಪಿಕೊಂಡಳು. ಮರುದಿನ ಟೆಂಪೋದಲ್ಲಿ ನೀಲಿ ಬಟ್ಟೆಯ ಥಾನುಗಳು ಬಂದು ಪಡಸಾಲೆಯಲ್ಲಿ ಬಿದ್ದವು.

ಶನಿವಾರ ಮಾಸ್ತರರು ಹುಬ್ಬಳ್ಳಿಯಿಂದ ಬಂದರು. ಚಪ್ಪಲಿ ಬಿಡಲು ಜಾಗವಿಲ್ಲ. ಎರಡು ಯಂತ್ರ, ಒಂದು ದೊಡ್ಡ ಟೇಬಲ್ಲು, ಕಾಲ ಕೆಳಗೆಲ್ಲ ನೀಲಿ ಚೂರು.

"ನಾಳೆ ಸಭಿ ಎಲ್ಲಿ ಕೂಡತೈತಿ?"

"ಗುಡ್ಯಾಗ," ಎಂದಳು ಸತ್ಯವ್ವ.

ಅವರು ಚೀಲ ಇಳಿಸದೆ ಹಾಗೆಯೇ ಚರ್ಚಿನ ಕಡೆಗೆ ನಡೆದರು. ಮರಳಿ ಬರಲು ಒಂದು ತಾಸಾಯಿತು. ಕೈಕಾಲು ತೊಳೆಯಲಿಲ್ಲ. ಬಾಗಿಲಲ್ಲೇ ನಿಂತು, "ಯಾರನ್ನ ಕೇಳಿ ಮಾಡಿದ್ರಿ?" ಎಂದರು.

"ಎರಡು ರವಿವಾರ ನಮ್ಮ ಮನ್ಯಾಗ ಅಂತ ನೀವು ಯಾರನ್ನ ಕೇಳಿ ಅಂದ್ರಿ?"

"ಅದು ಬ್ಯಾರೆ. ಇದು ಸಂಸ್ಥಾದ ಆಸ್ತಿ."

"ಇಲ್ಲಿ ಮುರದದ್ದು ಮಾಲಾನ ನಡಾ. ಅದಕ್ಕ ಆಸ್ತಿ ಪತ್ರ ಇಲ್ಲ, ಅಷ್ಟ."

ಆ ರಾತ್ರಿ ಮಾಸ್ತರರು ಉಣ್ಣಲಿಲ್ಲ. ರವಿವಾರ ಬೆಳಿಗ್ಗೆ ಮಾತ್ರ ಇಸ್ತ್ರಿ ಮಾಡಿದ ಧೋತರ ಉಟ್ಟು ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತರು. ಮೊದಲ ಕೀರ್ತನೆ ಎತ್ತಿದ್ದು ಅವರೇ. ಎರಡನೆಯ ಚರಣಕ್ಕೆ ಬರುವಾಗ ದನಿ ಒಡೆಯಿತು, ಕಾಶವ್ವ ಹಿಂದಿನಿಂದ ಎತ್ತಿಕೊಂಡಳು. ಮಾಸ್ತರರಿಗೆ ಸಿಟ್ಟು ಇತ್ತು, ಆದರೆ ಖುಷಿಯೂ ಆಗಿತ್ತು. ಎರಡನ್ನೂ ಮುಚ್ಚಿಡಲು ಬಾರದೆ ಮನೆಗೆ ಬಂದವರೇ ಮೂರು ಸಲ ಬಡಿಸಿಕೊಂಡು ಉಂಡರು.

ಆಮೇಲಿನ ನಾಲ್ಕು ವಾರ ಮನೆ ನೆಟ್ಟಗಿತ್ತು. ಈಸ್ಟರ್ ಹಬ್ಬ ಚರ್ಚಿನಲ್ಲೇ ಆಯಿತು. ಪಡಸಾಲೆಯಲ್ಲಿ ಎರಡೂ ಯಂತ್ರ ಬೆಳಗಿನಿಂದ ಕತ್ತಲೆಯತನಕ ಓಡಿದವು. ಶನಿವಾರ ಮಂಚ ಎತ್ತುವುದಿಲ್ಲ, ರವಿವಾರ ನಾಲ್ಕು ಲೀಟರು ಹಾಲಿಲ್ಲ. ಮಾಲಾ ನಗುವುದನ್ನು ಮಗಳು ಎಷ್ಟೋ ದಿನದ ಮೇಲೆ ಕಂಡಳು. ಏಪ್ರಿಲ್ ಮೂರನೆಯ ವಾರಕ್ಕೆ ಇನ್ನೂರು ಅಂಗಿಯ ಹೊಲಿಗೆ ಮುಗಿದು ಕಾಜ ಮತ್ತು ಗುಂಡಿ ಉಳಿದಿದ್ದವು.

ಮಾಸ್ತರರು ಮಂಗಳವಾರದ ಪ್ರವಾಸ ಬಿಟ್ಟಿರಲಿಲ್ಲ. ಆ ಎರಡು ತೊಲೆಗಳಿಗೆ ಹಣ ಬೇಕೇ ಬೇಕಿತ್ತು. ಹೊಸದಾಗಿ ಆರಿಸಿದವರದನ್ನೇ ಏಳನೆಯ ಸಹಿಯೆಂದು ಹಾಕಿಸಿದ ಹೊಸ ಠರಾವೂ ಕಚೇರಿಗೆ ಮುಟ್ಟಿತ್ತು. ಆ ಮಂಗಳವಾರ ಕಚೇರಿಗೆ ಹೋದಾಗ ಮುಕ್ತಾ ಅವರನ್ನು ಕಂಡವಳೇ ಎದ್ದು ನಿಂತಳು.

"ಸರ, ನಿಮ್ಮದು ಪಾಸ್ ಆಗಿತ್ತರಿ. ಎರಡು ಲಕ್ಷಾನೂ. ಶುಕ್ರವಾರ ಸಾಹೇಬ್ರು ಸಹಿ ಮಾಡಿದ್ರು."

"ಆಗಿತ್ತು ಅಂದ್ರ?"

"ಶನಿವಾರ ನಿಮ್ಮ ಮಾರ್ಚ್ ತಿಂಗಳ ವರದಿ ಓದಿದ್ರರಿ."

ವರದಿ. ಪ್ರತಿ ತಿಂಗಳ ಕೊನೆಗೆ ಮಾಸ್ತರರು ತಪ್ಪದೆ ಅಂಚೆಗೆ ಹಾಕುವ ವರದಿ. ಮುತ್ತಿನಂಥ ಅಕ್ಷರದಲ್ಲಿ ಅವರೇ ಬರೆದಿದ್ದರು: ಸ್ತ್ರೀ ಸಂಘದ ಹಿಡಿ ಅಕ್ಕಿಯ ಹಣದಿಂದ ಮಾಡಿನ ದುರಸ್ತಿ ಮುಗಿದಿದೆ, ಸಭೆಯು ಚರ್ಚಿನಲ್ಲಿಯೇ ಕೂಡುತ್ತಿದೆ, ದೇವರಿಗೆ ಸ್ತೋತ್ರ.

ಮುಕ್ತಾ ಲಕೋಟೆ ಕೊಟ್ಟಳು. ಮಂಜೂರಾದ ಹಣ ರದ್ದು. ಪರವಾನಗಿ ಇಲ್ಲದೆ ಕೆಲಸ ನಡೆದ ಬಗ್ಗೆ ವಿಚಾರಣೆ ಆಗುವುದು. ಅದು ಮುಗಿಯುವತನಕ ಕಟ್ಟಡಕ್ಕೆ ಕೀಲಿ ಹಾಕತಕ್ಕದ್ದು.

"ವಿಚಾರಣಿ ಯಾವಾಗವಾ?"

"ಸಮಿತಿ ಆಗಬೇಕ್ರಿ ಮೊದಲ," ಎಂದಳು ಅವಳು, ಅವರ ಮುಖ ನೋಡಲಾರದೆ.

ಮನೆಗೆ ಬಂದು ಕಾಗದವನ್ನು ಊಟದ ತಟ್ಟೆಗಳ ನಡುವೆ ಇಟ್ಟರು. ವಿನೀತ ಗಟ್ಟಿಯಾಗಿ ಓದಿದ. ಓದಿ ಮುಗಿದ ಮೇಲೆ ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ.

"ಅದನ್ನ ಯಾಕ ಬರದ್ರಿ?" ಎಂದಳು ಸತ್ಯವ್ವ.

"ಆದದ್ದನ್ನ ಬರೀಬೇಕಲ್ಲ!"

"ಒಂದು ತಿಂಗಳ ತಡದು ಬರದಿದ್ರ ನಿಮ್ಮ ಗಂಟೇನ ಹೋಗತಿತ್ತು?"

"ಇಪ್ಪತ್ತೆರಡು ವರ್ಷ ತಡದಿಲ್ಲ."

"ಅಪ್ಪಾ, ಕೀಲಿ ಹಾಕಬ್ಯಾಡ್ರಿ," ಎಂದ ವಿನೀತ. "ನಾವು ಒಳಗ ಕುಂತ್ರ ಬೆಳಗಾವಿಯವರಿಗೆ ಯಾರು ಹೇಳ್ತಾರ?"

"ನಾನ ಹೇಳಬೇಕಾಗತೈತಿ. ವರದಿಯೊಳಗ ಏನ ಬರೀಲಿ? ಸುಳ್ಳ ಬರೀಲೇನು?"

ವಿನೀತ ಹಣೆ ಚಚ್ಚಿಕೊಂಡ. ಸಾನಿಕಾ ನಕ್ಕಳು, ಆಮೇಲೆ ತಾಯಿಯ ಮುಖ ನೋಡಿ ಸುಮ್ಮನಾದಳು. ಮಾಲಾ ಕಾಗದವನ್ನು ಪಕ್ಕಕ್ಕೆ ಸರಿಸಿ ಕೇಳಿದಳು.

"ಮಾವಾರ, ಈ ರವಿವಾರ ಎಲ್ಲಿ?"

ಮಾಸ್ತರರು ಪಡಸಾಲೆಯ ಕಡೆ ನೋಡಿದರು, ನೋಡಿ ತಟ್ಟೆಯ ಕಡೆ ನೋಡಿದರು. "ಇನ್ನೆಲ್ಲಿ ಹೋಗೂಣವಾ? ಕೀಲಿ ಬಿಚ್ಚೂತನಾ..."

"ಬರೂ ವಾರ ಗುರುವಾರ ಅಂಗಿ ಕೊಡಬೇಕು. ಸಾವಿರದಾ ನಾಕನೂರು ಗುಂಡಿ ಅದಾವು. ಒಂದು ದಿನಾ ತಡಾ ಆದ್ರ ಮುಂದಿನ ವರ್ಷದ ಕೆಲಸ ಬೆಳಗಾವಿ ಅಂಗಡಿಯವರಿಗೆ ಕೊಡ್ತಾರ. ನಾ ಏನೂ ಎತ್ತಿಡೂದಿಲ್ಲ. ಒಂದು ಚಿಂದಿನೂ ಎತ್ತೂದಿಲ್ಲ."

"ಮಾಲಾ, ಮಂದಿ ಎಲ್ಲಿ ಕುಂದರಬೇಕು?"

"ನನಗ್ಯಾಕ ಕೇಳ್ತೀರಿ? ಬೆಳಗಾವಿಗೆ ಬರದ ಕೇಳ್ರಿ!"

ಈ ಮನೆಗೆ ಬಂದು ಹದಿನೇಳು ವರ್ಷದಲ್ಲಿ ಅವಳು ಮಾವನಿಗೆ ದನಿ ಏರಿಸಿದ್ದು ಅದೇ ಮೊದಲು. ಹೇಳಿ ಎದ್ದು ಒಳಗೆ ಹೋದಳು. ಮರುದಿನ ಮಾಸ್ತರರೇ ಹೋಗಿ ಚರ್ಚಿಗೆ ಕೀಲಿ ಹಾಕಿ ಬಂದರು. ಹೊಸ ಹಂಚು ಕೆಂಪಗೆ ಬಿಸಿಲು ಕಾಯುತ್ತ ಕುಳಿತಿತ್ತು.

ಶನಿವಾರ ಸಂಜೆ ಮಂಚ ಮೇಲೇಳಲಿಲ್ಲ. ಟೇಬಲ್ಲು ಇದ್ದಲ್ಲೇ ಇತ್ತು, ಅಂಗಿಗಳ ನಾಲ್ಕು ರಾಶಿಯೂ ಇದ್ದಲ್ಲೇ ಇದ್ದವು. ಮಾಲಾ ಮತ್ತು ಗೌರವ್ವ ಕಾಜ ಮುಗಿಸಿದರು. ಗುಂಡಿ ಹಾಗೆಯೇ ಉಳಿದವು.

ರವಿವಾರ ಒಂಬತ್ತಕ್ಕೆ ಮಂದಿ ಬಂದರು. ಬೈಬಲ್ಲು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲಲ್ಲೇ ನಿಂತರು. ಒಳಗೆಲ್ಲ ನೀಲಿ ಬಟ್ಟೆ. ಕಾಶವ್ವನೇ ಮೊದಲು ಒಳಗೆ ಬಂದು, ಒಂದು ರಾಶಿಯನ್ನು ಸರಿಸಿ, ಗೋಡೆಗೊರಗಿ ಕುಳಿತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಬಂದು ಥಾನುಗಳ ಸಂದಿಯಲ್ಲಿ, ಟೇಬಲ್ಲಿನ ಕೆಳಗೆ, ಯಂತ್ರಗಳ ಕಾಲಿನ ಬಳಿ ಸೇರಿಕೊಂಡರು. ಆ ದಿನ ಪಾಸ್ಟರು ಬರುವ ರವಿವಾರವಲ್ಲ. ಮಾಸ್ತರರೇ ನಿಂತು ಪುಸ್ತಕ ತೆರೆದರು.

ಆಗ ಮಾಲಾ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಚಹದ ತಟ್ಟೆ ಇರಲಿಲ್ಲ. ಗುಂಡಿಯ ಪೊಟ್ಟಣ, ದಾರದ ಉಂಡೆ, ಸೂಜಿಯ ಚೀಟಿ ಇತ್ತು. ಒಂದು ಅಂಗಿ ತೆಗೆದು ಕಾಶವ್ವನ ತೊಡೆಯ ಮೇಲೆ ಹಾಕಿದಳು.

"ಕುಂತೀರಲ್ಲ ಆಯಿ, ಗುಂಡಿ ಹಚ್ರಿ. ಒಂದಂಗಿಗೆ ಏಳು."

ಮಾಸ್ತರರು ಪುಸ್ತಕದ ಮೇಲಿಂದ ನೋಡಿದರು.

"ಮಾಲಾ, ಇವತ್ತ ರವಿವಾರ."

"ಗೊತ್ತೈತ್ರಿ ಮಾವಾರ," ಎಂದಳು ಅವಳು. "ಇಪ್ಪತ್ತೊಂದು ತಿಂಗಳ ರವಿವಾರ ನಾ ಎಲ್ಲಾರಿಗೂ ಕೊಟ್ಟೇನಿ. ಒಂದು, ಇದೊಂದು ನನಗ ಕೊಡ್ರಿ. ನನ್ನ ಮಗಳ ಕಾಲೇಜ ಐತಿ ಇದರಾಗ."

ಕಾಶವ್ವ ಅಂಗಿಯನ್ನು ಕಣ್ಣ ಹತ್ತಿರ ತಂದು ಕಾಜ ಹುಡುಕಿದಳು. "ಬಿಳೀ ದಾರಾನೋ, ನೀಲಿ ದಾರಾನೋ?" ಎಂದಳು.

"ಬಿಳೀದು ಆಯಿ."

ಸತ್ಯವ್ವ ಎದ್ದು ಪೊಟ್ಟಣ ಇಸಿದುಕೊಂಡು ಹಂಚಲು ನಿಂತಳು. ಹೆಂಗಸರು ಕೈ ಚಾಚಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಅವರೂ ಕೈ ಚಾಚಿದರು. ಸೂಜಿಗಳು ಓಡತೊಡಗಿದವು. ಮಾಸ್ತರರು ಮಾತ್ರ ನಿಂತೇ ಇದ್ದರು. ಓದಬೇಕಾದ ಅಧ್ಯಾಯ ತೆರೆದಿತ್ತು, ಓದಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಪುಸ್ತಕ ಮುಚ್ಚಿ ಯಂತ್ರದ ಮೇಲಿಟ್ಟು, ಮೊಣಕಾಲು ಹಿಡಿದುಕೊಂಡು ಸೊಸೆಯ ಬಾಜು ನೆಲದ ಮೇಲೆ ಕುಳಿತರು.

"ನನಗೊಂದು ಕೊಡು," ಎಂದರು. "ದಾರಾ ನೀನ ಪೋಣಿಸಿ ಕೊಡವಾ, ನನಗ ಕಣ್ಣ ಕಾಣೂದಿಲ್ಲ."

ಮಾಲಾ ಅವರ ಮುಖ ನೋಡದೆ ಸೂಜಿಗೆ ದಾರ ಪೋಣಿಸಿದಳು. ತುದಿಗೆ ಗಂಟು ಹಾಕಿ ಕೊಟ್ಟಳು.

"ಈ ತಿಂಗಳ ವರದಿಯೊಳಗ ಇದನ್ನೂ ಬರೀತೀರೇನ್ರಿ?" ಎಂದಳು.

ಮಾಸ್ತರರು ಗುಂಡಿಯ ತೂತು ಹುಡುಕುತ್ತ ಹೇಳಿದರು, "ಬರೀದ ಹೆಂಗ ಇರಲಿ? ಎಷ್ಟು ಅಂಗಿ ಆದವು, ಸಂಜಿಕೆ ಎಣಿಸಿ ಹೇಳು."